ಕಶಾಂಗಜೀವಿ ಮತ್ತು ಸಲಮಾಂಡರ್: ಒಂದು ತುಲನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಿಂತ ನೀರು ಹಸಿರೇರುವುದನ್ನು ಎಲ್ಲರೂ ಬಲ್ಲರು. ಇಂಥ ನೀರಿನಲ್ಲಿ ಯೂಗ್ಲಿನಾದಂಥ ಏಕಕೋಶಜೀವಿಗಳು ಇರುವುದುಂಟು. ಮೈಯೆಲ್ಲ ಒಂದೇ ಜೀವಕೋಶ. ಈಜಲು ನೂಲಿನಂಥ ಕಶಾಂಗ. ಸಂಸ್ಕೃತದಲ್ಲಿ ಕಶಾ ಎಂದರೆ ಚಾವಟಿ, ಹೆಸರು ಸಾರ್ಥಕವಾಗಿದೆ. ಪತ್ರಹರಿತ್ತಿನ ಬಲದಿಂದ ಅದು ಬಿಸಿಲಿನಲ್ಲಿ ಸಸ್ಯದಂತೆ ಆಹಾರವನ್ನು ಸಿದ್ಧಪಡಿಸಿಕೊಳ್ಳುತ್ತದೆ, ಪ್ರಾಣಿಯಂತೆ ಚಲಿಸುತ್ತದೆ.

ಸಲಮಾಂಡರ್ ಆದರೋ ಕರ್ನಾಟಕದ ಪ್ರಾಣಿಯಲ್ಲ. ಭಾರತದಲ್ಲಿ ಅದರ ಬಳಗವನ್ನು ಕಾಣಬೇಕಾದರೆ ಡಾರ್ಜಿಲಿಂಗದ ಬೆಟ್ಟಗಳಿಗೆ ಹೋಗಬೇಕು. ನಾಲ್ಕು ಕಾಲು, ಉದ್ದ ಬಾಲಗಳನ್ನು ಕಂಡು ಅದನ್ನು ಹಲ್ಲಿಯೆಂದು ಕನ್ನಡಿಸುವುದು ಯುಕ್ತವಲ್ಲ. ಅದರ ಮೈಮೇಲೆ ಹುರುಪೆಯಿಲ್ಲ, ತತ್ತಿಗೆ ಚಿಪ್ಪಿಲ್ಲ. ಅದು ಕಪ್ಪೆಯ ದಾಯಾದಿ.

ಇವೆರಡರಲ್ಲಿ ಒಂದು ಕೆಳಮಟ್ಟದ್ದು, ಇನ್ನೊಂದು ಮೇಲ್ಮಟ್ಟದ್ದು ಎಂದು ಹೇಳಿ ಪಾಠ ಮುಗಿಸುವುದು ವಾಡಿಕೆ. ಒಂದರ ಬಾಳನ್ನೆಲ್ಲ ಒಂದೇ ಕೋಶ ನಡೆಸುತ್ತದೆ. ಇನ್ನೊಂದರಲ್ಲಿ ಎಲುಬು, ಹೃದಯ, ಮಿದುಳುಗಳೆಂದು ಕೋಶಗಳು ಕೆಲಸವನ್ನು ಹಂಚಿಕೊಂಡಿವೆ. ಈ ಭೇದ ನಿಜವೇ. ಆದರೆ ಮೇಲು ಕೀಳಿನ ಮಾತಿಗೆ ಎಡೆಗೊಡದ ದೃಷ್ಟಾಂತವೊಂದು ಉತ್ತರ ಅಮೆರಿಕದಲ್ಲಿದೆ.

ಅಲ್ಲಿಯ ಪೂರ್ವಭಾಗದ ಕಾಡುಗಳಲ್ಲಿ ಕಪ್ಪು ಮೈಮೇಲೆ ಹಳದಿ ಚುಕ್ಕೆಗಳುಳ್ಳ ಸಲಮಾಂಡರ್ ವಾಸಿಸುತ್ತದೆ. ವಸಂತಕಾಲದಲ್ಲಿ ಹೊಂಡಗಳಿಗಿಳಿದು ಲೋಳೆಯ ಮುದ್ದೆಯಲ್ಲಿ ತತ್ತಿಗಳನ್ನಿಡುತ್ತದೆ. ಮಳೆನೀರಿನ ಹೊಂಡದಲ್ಲಿ ಕಪ್ಪೆಯ ತತ್ತಿಗಳನ್ನು ಕಂಡವರಿಗೆ ಈ ಲೋಳೆ ಅಪರಿಚಿತವಲ್ಲ. ಆದರೆ ಸಲಮಾಂಡರಿನ ಲೋಳೆ ಬಹಳ ದಟ್ಟವಾದುದು. ನೀರಿನಲ್ಲಿ ಕರಗಿದ ಆಮ್ಲಜನಕ ಅದರ ನಡುವಿನ ಭ್ರೂಣಗಳನ್ನು ಸುಲಭವಾಗಿ ಮುಟ್ಟದು. ಆ ಕೊರತೆಯನ್ನು ನೀಗುವುದು ಒಂದು ಏಕಕೋಶ ಶೈವಲ! ಅದು ಯೂಗ್ಲಿನಾದ ಕುಲದ್ದಲ್ಲ. ಎರಡು ಕಶಾಂಗಗಳುಳ್ಳ ಹಸಿರು ಶೈವಲ. ಅದರ ಹೆಸರು ಊಫಿಲ. ಗ್ರೀಕ್ ಮೂಲದ ಪ್ರಕಾರ 'ತತ್ತಿಪ್ರಿಯ'. ತತ್ತಿಯೊಳಗೆ ನೆಲೆಸಿ ಹಗಲಲ್ಲಿ ಅದು ಆಮ್ಲಜನಕವನ್ನು ಬಿಡುತ್ತದೆ. ಭ್ರೂಣ ವಿಸರ್ಜಿಸಿದ ಸಾರಜನಕದ ಕಲ್ಮಷವೇ ಅದಕ್ಕೆ ಗೊಬ್ಬರ. ಬೆಳಕು ಕಾಣದ ತತ್ತಿಗಳಲ್ಲಿ ಶೈವಲ ಬೆಳೆಯದು. ಭ್ರೂಣಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ.

ತತ್ತಿಗಳ ಈ ಹಸಿರನ್ನು ಓರ್ ಎಂಬ ವಿದ್ವಾಂಸನು 1888ರಷ್ಟು ಹಿಂದೆಯೇ ದಾಖಲಿಸಿದ್ದನು. ಶೈವಲವು ಭ್ರೂಣದ ಹೊರಗಷ್ಟೇ ಇರುವುದೆಂದು ಬಹುಕಾಲ ನಂಬಲಾಗಿತ್ತು. 2011ರಲ್ಲಿ ರಾಯನ್ ಕರ್ನಿ ಮತ್ತು ಸಂಗಡಿಗರು ಅದು ಭ್ರೂಣದ ಜೀವಕೋಶಗಳ ಒಳಗೂ ಹೊಕ್ಕಿರುವುದನ್ನು ತೋರಿಸಿದರು. ಬೆನ್ನೆಲುಬಿನ ಪ್ರಾಣಿಯಲ್ಲಿ ಇಂಥ ಒಳವಾಸ ಅದುವರೆಗೆ ಕಂಡಿರಲಿಲ್ಲ.

ಇದನ್ನು ಬರಿಯ ಸ್ನೇಹವೆಂದು ಬಣ್ಣಿಸುವುದೂ ಆತುರವೇ. 2017ರ ಸಂಶೋಧನೆಯಲ್ಲಿ ಕೋಶದೊಳಗಿನ ಶೈವಲಗಳಲ್ಲಿ ಸಂಕಟದ ಲಕ್ಷಣಗಳು ಕಂಡುಬಂದವು. ಸಲಮಾಂಡರಿನ ಕೋಶಗಳಲ್ಲಿ ಅಂಥ ಬಾಧೆ ಹೆಚ್ಚಾಗಿ ಕಾಣಲಿಲ್ಲ. ಒಳಹೊಕ್ಕ ಅತಿಥಿಗೆ ಲಾಭವೇನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.