ಆಯ್ದಕ್ಕಿಯ ಅಳತೆ

ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹಗೈಯುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಶರಣೆ ಲಕ್ಕಮ್ಮನವರು ಒಪ್ಪದೆ, ಅದನ್ನು ಅಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ಬೇಕಾದುದು ಕಾಯಕಕ್ಕೆ ಸಲ್ಲುವುದು, ಮಿಕ್ಕುದು ಆಸೆಗೆ ಸಲ್ಲುವುದು ಎಂಬುದೇ ಇದರ ತಾತ್ಪರ್ಯ.

ಈ ತತ್ತ್ವವು ವಿದ್ಯುಚ್ಛಕ್ತಿಗೂ ಅನ್ವಯಿಸುತ್ತದೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವೆಗಳಿರುವ ಶಿಕಾರಿಪುರದ ಸೀಮೆಯಲ್ಲಿಯೇ ಬಂದಳಿಕೆಯೂ ಇದೆ. ಅಲ್ಲಿಯ ಮನೆಯ ದೀಪಕ್ಕೂ ಹೊಲದ ಪಂಪಿಗೂ ಒಂದು ಋಣವುಂಟು. ಅದೇ ಶಿವಮೊಗ್ಗ ಜಿಲ್ಲೆಯಲ್ಲಿ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ದೊರೆಯಿತು. ಶರಾವತಿ ಕಣಿವೆಯ ಊರುಗಳೂ ಗದ್ದೆಕಾಡುಗಳೂ ಮುಳುಗಿದವು, ಸಾವಿರಾರು ಕುಟುಂಬಗಳು ನೆಲೆ ತೊರೆದವು. ಈಗ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ, ಬಿಡುವಿನ ವೇಳೆ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಇಳಿಸಿ, 2000 ಮೆಗಾವಾಟ್ ಪಡೆಯುವ ಯೋಜನೆಯೊಂದು ರೂಪುಗೊಂಡಿದೆ. ಆ ಕಣಿವೆಯಾದರೋ ಸಿಂಗಳೀಕಗಳ ಅಭಯಾರಣ್ಯ.

ಹಾಗೆಂದು ವಿದ್ಯುತ್ತೇ ಬೇಡವೆನ್ನುವುದು ಶರಣಮಾರ್ಗವಲ್ಲ. ಲಕ್ಕಮ್ಮನವರು ಅಕ್ಕಿಯನ್ನೇ ತರಬೇಡವೆನ್ನಲಿಲ್ಲ. ಮಕ್ಕಳ ಓದಿಗೆ, ಒಕ್ಕಲಿನ ಬೆಳೆಗೆ ಅದು ಬೇಕು. ಆದರೆ ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪ, ಜಾತ್ರೆಯ ಮರುದಿನ ಹಗಲಿನಲ್ಲಿಯೂ ಆರದ ಸಾಲುದೀಪ, ಇವು ಹೆಚ್ಚಾಗಿ ತಂದ ಅಕ್ಕಿಯೇ ಸರಿ. ಪ್ರಸಾದದ ಒಂದಗುಳನ್ನೂ ಚೆಲ್ಲದ ಭಕ್ತನು, ಮುಳುಗಿದ ಊರಿನ ಋಣದಿಂದ ಬಂದ ಬೆಳಕನ್ನು ಚೆಲ್ಲಬಹುದೆ? ಚೆಲ್ಲಿದಷ್ಟೂ ಮತ್ತೊಂದು ಕಣಿವೆಯನ್ನು ಬೇಡಬೇಕಾಗುತ್ತದೆ. ಅಳತೆಯರಿತು ಬಳಸುವುದು ಮನೆಯಿಂದಲೇ ಮೊದಲಾಗಲಿ.