ಕಾವಲು ರಾತ್ರಿಯ ಮಾರನೇ ದಿನ

ಚಾಮರಾಜನಗರ ಜಿಲ್ಲೆಯ ಹರವೆ ಸೀಮೆಯ ರೈತನಿಗೆ ಹಂದಿ ಕಾಯೋ ರಾತ್ರಿ ತಪ್ಪಿದ್ದಲ್ಲ, ಕಾಡಂಚಿನವರಿಗೆ ಆನೆ ಬೇರೆ. ಮೋಟರ್‌ ಕರೆಂಟು ಸರಿರಾತ್ರೀಲಿ ಬಂದರೆ ನೀರು ಕಟ್ಟೋಕೂ ಏಳಬೇಕು. ಅರಿಸಿನ, ಬಾಳೆ ಉಳಿಸಿಕೊಂಡವರು ನಿದ್ದೆಗೆಟ್ಟ ಸಿಟ್ಟಲ್ಲಿ ಮನೆಯವರನ್ನು ದೂರ ಮಾಡಿಕೊಳ್ಳಬಾರದಲ್ಲ, ಅದಕ್ಕೆ ಈ ನಾಲ್ಕು ಮಾತು.

• ಹೊಲ ಕಾದು ಬಂದ ಬೆಳಿಗ್ಗೆ ಬದುವಿನ ತಕರಾರು, ಭಾಗದ ವಿಚಾರ, ಸಾಲದ ಲೆಕ್ಕ ಎತ್ತಬೇಡಿ. ನಿದ್ದೆಗೆಟ್ಟವನ ಕಿವಿಗೆ ಸಾದಾ ಮಾತೂ ಚುಚ್ಚುಮಾತೇ. 2007ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ವಾಕರ್ ಅನ್ನೋ ನಿದ್ದೆ ವಿಜ್ಞಾನಿ ಮತ್ತು ಜೊತೆಯವರು ಸುಮಾರು 35 ಗಂಟೆ ಎಚ್ಚರವಿದ್ದ ಯುವಜನರಿಗೆ ಮನಸ್ಸು ಕದಡುವ ಚಿತ್ರ ತೋರಿಸಿ ಮಿದುಳು ಸ್ಕ್ಯಾನ್ ಮಾಡಿದರು. ಭಯ, ಸಿಟ್ಟಿಗೆ ಸಂಬಂಧಪಟ್ಟ ಅಮಿಗ್ಡಲ ಅನ್ನೋ ಭಾಗ ಮಲಗಿ ಎದ್ದವರಿಗಿಂತ ಶೇ 60ರಷ್ಟು ಹೆಚ್ಚು ಕೆರಳಿತ್ತು. ಅದನ್ನು ಹಿಡಿತದಲ್ಲಿಡೋ ಹಣೆಯ ಹಿಂದಿನ ಭಾಗದ ಜೊತೆ ನಂಟೂ ಸಡಿಲವಾಗಿತ್ತು. ಬದುವಿನ ಕಲ್ಲು ಸಂಜೆವರೆಗೆ ಎಲ್ಲೂ ಓಡಿಹೋಗೋದಿಲ್ಲ, ಮೊದಲು ಮಲಗಿ.

• ಇಬ್ಬರಿದ್ದರೆ ರಾತ್ರಿಯನ್ನು ಪಾಲು ಮಾಡಿಕೊಳ್ಳಿ. ಆದರೆ ಬೆಳಗಿನ ಜಾವದ ಪಾಲು ದಿನಾ ಒಬ್ಬನ ತಲೆಗೇ ಕಟ್ಟಬೇಡಿ. ಕನಸು ಹೆಚ್ಚು ಬೀಳೋ ನಿದ್ದೆ, ಡಾಕ್ಟರು ಆರ್‌ಇಎಂ ಅನ್ನೋದು, ರಾತ್ರಿಯ ಕೊನೇ ಭಾಗದಲ್ಲೇ ಜಾಸ್ತಿ. ಆಗ ಮಿದುಳಲ್ಲಿ ಉದ್ವೇಗ ಹೆಚ್ಚಿಸೋ ರಾಸಾಯನಿಕ ನಾರ್‌ಅಡ್ರಿನಲಿನ್ ತೀರಾ ಇಳಿದಿರುತ್ತೆ. ನಡೆದದ್ದು ನೆನಪಿನಲ್ಲಿ ಉಳಿದು, ಅದರ ಉರಿ ಮಾತ್ರ ತಗ್ಗೋದು ಆಗಲೇ ಅಂತ ವಾಕರ್ ವಾದ. ಎಲ್ಲ ವಿಜ್ಞಾನಿಗಳೂ ಇದನ್ನ ಒಪ್ಪಿಲ್ಲ. ನಿದ್ದೆ ಆದಮೇಲೂ ಉರಿ ಹಾಗೇ ಉಳಿದ ಪ್ರಯೋಗಗಳೂ ಇವೆ.

• ಕ್ವಾರ್ಟರ್ ಹಾಕಿದರೆ ಬೇಗ ಜೋಂಪು ಹತ್ತುತ್ತೆ, ನಿಜ. ಆದರೆ ಅದು ಕನಸಿನ ನಿದ್ದೆ ಕಸಿದು, ನಡುರಾತ್ರಿ ಎಬ್ಬಿಸಿ ಕೂರಿಸುತ್ತೆ. ಚಿಂತೆ ಮರೆಯೋಕೆ ಕುಡಿದವನಿಗೆ ಆ ಹೊತ್ತಲ್ಲಿ ಚಿಂತೆಯೇ ಜೊತೆಗಾರ.

• ಕಾವಲಿನ ಟೀ ಮೊದಲ ಜಾವಕ್ಕೆ ಸಾಕು.

• ನೀಲಗಾರರು ಬೆಳಗಿನವರೆಗೆ ಮಂಟೇಸ್ವಾಮಿ ಕಥೆ ಹಾಡುವಾಗ ಎದ್ದು ಹೋಗಿ ಮಲಗಿ ಅಂತ ನಾನಂತೂ ಹೇಳೋನಲ್ಲ. ಶಿವರಾತ್ರಿ ಜಾಗರಣೆಗೂ ಅಡ್ಡಿಯಿಲ್ಲ. ಮಾರನೇ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗುಂಡ್ಲುಪೇಟೆ ಕಡೆಗೆ ಬೈಕ್ ಹತ್ತಬೇಡಿ, ಅಷ್ಟೆ.

• ಆನೆ ಅಟ್ಟಿಸಿಕೊಂಡು ಬಂದಾಗ ಬದುಕಿ ಉಳಿದವನನ್ನು ಸುತ್ತುವರಿದು, ಹೇಳು ಹೇಳು ಅಂತ ಬಂದವರೆಲ್ಲ ಕೆದಕಬೇಡಿ. ಅವನಾಗೇ ಹೇಳಿದರೆ ಕೇಳಿ. ಕೆಲವು ರಾತ್ರಿ ಬೆಚ್ಚಿಬೀಳೋದು ಸಹಜ. ತಿಂಗಳು ಕಳೆದರೂ ಅದೇ ಕನಸು, ಅದೇ ನಡುಕ ಇದ್ದರೆ ತಾಯತ ಕಟ್ಟಿಸೋರು ಕಟ್ಟಿಸಿ, ಜೊತೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಕರಕೊಂಡು ಹೋಗಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೂ ಆಯ್ತು. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

• ಬಾಣಂತಿ ಸುಮ್ಮಸುಮ್ಮನೆ ಅತ್ತರೆ ಹಟ ಅನ್ನಬೇಡಿ. ನಿದ್ದೆಯೇ ಇಲ್ಲ ಅವಳಿಗೆ. ಹಾಲು ಕುಡಿಸಿದ ಮೇಲೆ ಕೂಸನ್ನು ಅಜ್ಜಿಯೋ ಗಂಡನೋ ಎತ್ತಿಕೊಂಡು, ಮೂರು ನಾಲ್ಕು ಗಂಟೆ ಅವಳು ಒಂದೇ ಸಮ ಮಲಗೋ ಹಾಗೆ ಮಾಡಿ. ಎರಡು ವಾರವಾದರೂ ಅಳು ನಿಲ್ಲದಿದ್ದರೆ, ಕೂಸಿನ ಕಡೆ ತಿರುಗಿಯೂ ನೋಡದಿದ್ದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.