ಟ್ರಂಕಿನೊಳಗಿನ 14,840 ರೂಪಾಯಿ

ಅಕ್ಕನ ಮಗಳು ಬಾಣಂತನಕ್ಕೆ ಬಂದ ವಾರ ಕೂಸಿಗೊಂದು ಕೌದಿ ಹೊಲಿಸಬೇಕೆಂದುಕೊಂಡೆ. ಅಂಚಿಗೆ ಕೆಂಪು ಬಟ್ಟೆ ಬೇಕಿತ್ತು. ಧಾರವಾಡದಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ಜವಳಿ ಸಾಲಿಗೆ ಹೋಗಿ, ಮೀಟರಿಗೆ 140 ರೂಪಾಯಿಯಂತೆ ಮೂರು ಮೀಟರ್ ಕೇಂಬ್ರಿಕ್ ತಂದೆ. ಸಂಜೆ ಒಳಪದರಕ್ಕೆಂದು ಅವ್ವನ ಹಳೆಯ ಸೀರೆ ತೆಗೆಯಲು ಟ್ರಂಕು ತೆರೆದರೆ ಅದೇ ಕೆಂಪಿನ ಎರಡು ತುಂಡುಗಳು ಒಂದರ ಮೇಲೊಂದು ಕೂತಿದ್ದವು. ಒಂದು ಎರಡೂವರೆ ಮೀಟರ್, ಇನ್ನೊಂದು ಎರಡು. ಒಂದಕ್ಕೆ ಅಂಗಡಿಯ ಚೀಟಿ ಹಚ್ಚಿದ ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿದ್ದಿತ್ತು. ಕತ್ತರಿಸಿದ ಬಟ್ಟೆಯನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ. 420 ರೂಪಾಯಿ ಹೋಯಿತು.

ಮನೆಯ ದಿನಸಿಗೆ, ಗ್ಯಾಸಿಗೆ, ಹಾಲಿಗೆ ಲೆಕ್ಕ ಬರೆಯುತ್ತೇನೆ. ಅರಿವಿಗೆ ಮಾತ್ರ ಎಂದೂ ಬರೆದಿರಲಿಲ್ಲ. ಮರುದಿನ ಭಾನುವಾರ ಟ್ರಂಕು, ಕಪಾಟಿನ ಕೆಳಗಿನ ಖಾನೆ, ಮಂಚದ ಕೆಳಗಿನ ಗಂಟು, ಮೂರನ್ನೂ ಚಾಪೆಯ ಮೇಲೆ ಸುರುವಿ ಟೇಪು ಹಿಡಿದು ಕೂತೆ. ನಾನೇ ಕೊಂಡ ರವಿಕೆ ಖಣ 23, ಸುಮಾರು 2,760 ರೂಪಾಯಿಯವು. ಕಟ್‌ಪೀಸು 31, ಅವಕ್ಕೆ 4,340. ಅಸ್ತರಿನ ಬಟ್ಟೆ ಒಂಬತ್ತು ತುಂಡಿನಲ್ಲಿ 14 ಮೀಟರ್, 840. ಹೊಲಿಸದೆ ಉಳಿದ ಚೂಡಿದಾರದ ಬಟ್ಟೆ ಐದು ಜೊತೆ, 4,500. ಗುಳೇದಗುಡ್ಡದ ರೇಷ್ಮೆ ಖಣ ಎರಡು, 2,400. ಒಟ್ಟು 14,840 ರೂಪಾಯಿ. ಉಡಿ ತುಂಬಿದಾಗ ಬಂದ ಖಣಗಳು ಬೇರೆ, ಅವು 38.

ಎಲ್ಲವೂ ಹೆಚ್ಚುಕಡಿಮೆ ಏಳು ವರ್ಷದ ಖರೀದಿ. ತಿಂಗಳಿಗೆ ಹಂಚಿದರೆ 176 ರೂಪಾಯಿ ಚಿಲ್ಲರೆ. ಅಷ್ಟು ಸಣ್ಣ ಮೊತ್ತ ಕೈಬಿಟ್ಟು ಹೋಗುವುದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಅಂಚೆ ಕಚೇರಿಯಲ್ಲಿ ಆರ್‌ಡಿ ಶುರು ಮಾಡಲು ತಿಂಗಳಿಗೆ 100 ರೂಪಾಯಿ ಸಾಕು. ಬಟ್ಟೆಗೆ ಬಡ್ಡಿ ಬರುವುದಿಲ್ಲ, ಇಟ್ಟಷ್ಟೂ ಸವೆಯುತ್ತದೆ. ಆ ಎರಡು ರೇಷ್ಮೆ ಖಣಗಳನ್ನೇ ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಡಾಂಬರ ಗುಳಿಗೆ ಹಾಕಿ ಜೋಪಾನವಾಗಿಟ್ಟಿದ್ದೇನೆಂದು ನಂಬಿದ್ದೆ. ಒಂದು ಬಿಚ್ಚಿದ ಕೂಡಲೇ ಮಡಿಕೆಯ ಗುಂಟ ಸೀಳಿತು. ಇನ್ನೊಂದರ ಜರಿ ಕಪ್ಪಾಗಿತ್ತು. ನಮ್ಮೂರಿನ ಮಳೆಗಾಲಕ್ಕೆ ಪ್ಲಾಸ್ಟಿಕ್ ಒಳಗೆ ತೇವ ನಿಲ್ಲುತ್ತದೆ, ಗುಳಿಗೆ ಜರಿಯನ್ನು ಕೆಡಿಸುತ್ತದೆ. ಈಗ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡುತ್ತೇನೆ. ನಾಲ್ಕು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿಗೆ ಹರವಿ ಬೇರೆ ಮಡಿಕೆ ಹಾಕುತ್ತೇನೆ.

ಬಣ್ಣ ನೋಡಿ ಜೋಡಿಸಲು ಮೊದಲು ಹೋದೆ. ಕಣ್ಣಿಗೆ ಚೆಂದ, ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ಬೇಕಾದಾಗ ನಾವು ಕೇಳಿಕೊಳ್ಳುವುದು ಎರಡೇ: ಹತ್ತಿಯೋ ಅಲ್ಲವೋ, ಎಷ್ಟಿದೆ. ಹಾಗಾಗಿ ಹತ್ತಿ, ರೇಷ್ಮೆ, ಟೆರಿಕಾಟು ಎಂದು ಮೊದಲು ಬೇರೆ ಮಾಡಿದೆ. ಆಮೇಲೆ 80 ಸೆಂಟಿಮೀಟರಿನ ಒಳಗಿದ್ದದ್ದು ಕೌದಿಗೆ, ಮೀಟರಿನವರೆಗೆ ರವಿಕೆಗೆ, ಅದರ ಮೇಲಿನದು ಫ್ರಾಕು, ದಿಂಬಿನ ಚೀಲ, ಪರದೆಗೆ. ಎಲ್ಲವನ್ನೂ ಒಂದು ಮರದ ಫೂಟುಪಟ್ಟಿಗೆ ಸುತ್ತಿ, ಪಟ್ಟಿ ಎಳೆದುಕೊಂಡು, ನಡುವೆ ಮಡಿಚಿದೆ. ಒಂದೇ ಅಳತೆಯ ಮಡಿಕೆಗಳು ಕಪಾಟಿನಲ್ಲಿ ಪುಸ್ತಕದ ಹಾಗೆ ನಿಲ್ಲುತ್ತವೆ. ಒಂದನ್ನು ಎಳೆದರೆ ಉಳಿದವು ಕುಸಿಯುವುದಿಲ್ಲ, ಒಂದೂ ಇನ್ನೊಂದರ ಕೆಳಗೆ ಅಡಗುವುದಿಲ್ಲ.

ಇದಕ್ಕಿಂತ ಹೆಚ್ಚು ಉಪಕಾರವಾದದ್ದು 40 ರೂಪಾಯಿಯ ಒಂದು ವಹಿ. ಪ್ರತಿ ಬಟ್ಟೆಯಿಂದ ಎರಡು ಬೆರಳಗಲದ ಚೂರು ಕತ್ತರಿಸಿ ಹಾಳೆಗೆ ಅಂಟಿಸಿದ್ದೇನೆ. ಪಕ್ಕದಲ್ಲಿ ಉದ್ದ, ಪನ್ನ, ಕೊಂಡ ಬೆಲೆ, ಯಾವುದಕ್ಕೆಂದು ಕೊಂಡೆ ಎಂಬುದು. ಬಳಸಿದಾಗ ಉದ್ದ ಹೊಡೆದು ಉಳಿದದ್ದನ್ನು ಬರೆಯುತ್ತೇನೆ. ಪೇಟೆಗೆ ಹೋಗುವಾಗ ವಹಿ ಚೀಲದಲ್ಲಿರುತ್ತದೆ. ಪನ್ನ ಬರೆಯುವುದನ್ನು ಬಿಡಬೇಡಿ. 36 ಇಂಚಿನ ಬಟ್ಟೆ ಮೀಟರಿಗೆ 110, 44 ಇಂಚಿನದು 125 ಎಂದರೆ ಕೈ ಮೊದಲನೆಯದಕ್ಕೇ ಹೋಗುತ್ತದೆ. ಪನ್ನದ ಇಂಚಿಗೆ ಲೆಕ್ಕ ಹಾಕಿದರೆ ಮೊದಲನೆಯದು ಮೂರು ರೂಪಾಯಿ ದಾಟುತ್ತದೆ, ಎರಡನೆಯದು 2 ರೂಪಾಯಿ 84 ಪೈಸೆಯಲ್ಲಿ ಮುಗಿಯುತ್ತದೆ. ಆಷಾಢದ ರಿಯಾಯಿತಿಯ ಬೋರ್ಡಿನ ಕೆಳಗೆ ನಿಂತಾಗ ಈ ಭಾಗಾಕಾರ ಮಾಡಿ. ಮನೆಯಲ್ಲಿ ಆಗಲೇ ಇರುವ ಬಟ್ಟೆಯನ್ನು ಅರ್ಧ ಬೆಲೆಗೆ ತಂದರೂ ಅದು ಪೂರ್ತಿ ಖರ್ಚೇ.

ಕೌದಿ ಹೊಲಿಯುವ ಆಯಿ ಬಂದಾಗ ನಾನು ಗಂಟನ್ನೇ ಮುಂದಿಟ್ಟೆ. ಆಕೆ ಒಂದೊಂದು ಚೂರನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದಳು. ಟೆರಿಕಾಟನ್ನೆಲ್ಲ ಬದಿಗೆ ತಳ್ಳಿದಳು. "ಅಕ್ಕಾರ, ಇದನ್ನ ಹಾಕಬ್ಯಾಡ್ರಿ. ಸೂಜಿ ಸರಳ ಹೋಗಂಗಿಲ್ಲ, ಕೂಸಿಗೂ ಬೆವರ ಬರ್ತದ" ಎಂದಳು. ಬಣ್ಣ ಬಿಡುವ ಇಳಕಲ್ಲಿನ ಕೆಂಪು ತುಂಡನ್ನು ಒದ್ದೆ ಬಿಳಿ ಅರಿವಿಗೆ ತಿಕ್ಕಿ ತೋರಿಸಿ ಅದನ್ನೂ ತೆಗೆದಿಟ್ಟಳು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳೂ ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಸಿಕ್ಕ ಆಕಾರದ ತುಂಡನ್ನೇ ಕೂರಿಸುತ್ತಾರೆ, ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡುತ್ತಾರೆ. ಅಳತೆಗೆ ಕತ್ತರಿಸುವ ಗೋಜಿಲ್ಲವಾದ್ದರಿಂದ ಚೂರೂ ವ್ಯರ್ಥವಾಗುವುದಿಲ್ಲ.

ಆಯಿ ಹತ್ತು ದಿನ ಮಧ್ಯಾಹ್ನ ಬಂದು ಹೊಲಿದಳು. ಕೂಲಿ 1,500, ದಾರಕ್ಕೆ 120. ಬಟ್ಟೆಗೆ ಹೊಸದಾಗಿ ಒಂದು ಪೈಸೆಯೂ ಬೇಕಿರಲಿಲ್ಲ, ಆ 420 ಸುಮ್ಮನೆ ಮೇಲೆ ಬಿದ್ದದ್ದು. ಕೌದಿಯಲ್ಲಿ ದುಡ್ಡು ಹೋಗಬೇಕಾದದ್ದು ಹೊಲಿಯುವ ಕೈಗೆ. ಆ ಕೂಲಿಯಲ್ಲಿ ಚೌಕಾಶಿ ಮಾಡುವವರನ್ನು ನಾನು ಒಪ್ಪುವುದಿಲ್ಲ.

ಉಳಿದದ್ದು ಉಡಿಯ ಖಣ. 38ರಲ್ಲಿ 27 ಖಣಗಳು 80 ಸೆಂಟಿಮೀಟರ್ ಇರಲಿಲ್ಲ, ಬಹುಪಾಲು ಟೆರಿಕಾಟು. ರವಿಕೆಗೆ ಸಾಲವು, ಕೌದಿಗೆ ಬಾರವು. ಕೊಟ್ಟವರೂ ಅದನ್ನು ದುಡ್ಡು ಕೊಟ್ಟೇ ತಂದಿದ್ದರು. ಅವು ನನ್ನ ಮನೆಯಿಂದ ಇನ್ನೊಬ್ಬರ ಉಡಿಗೆ ಹೋಗಿ, ಅಲ್ಲಿಂದ ಮತ್ತೊಬ್ಬರ ಟ್ರಂಕು ಸೇರುತ್ತವೆ. ಈ ಶ್ರಾವಣದಲ್ಲಿ ಉಡಿ ತುಂಬುವ ಅಕ್ಕತಂಗಿಯರಲ್ಲಿ ಒಂದು ಕೋರಿಕೆ: ಮೂವರಿಗೆ ಕೊಡುವುದಿದ್ದರೂ ಮೂವರಿಗೂ ಪೂರ್ತಿ ಒಂದು ಮೀಟರ್ ಹತ್ತಿಯ ಬಟ್ಟೆಯನ್ನೇ ಕೊಡಿ.